ಬಾಸ್ ಗಿಟಾರ್ ಕಲಿಯಲು ಹೊರಟಿದ್ದೇನೆ: ವಾದ್ಯ, ಆಂಪ್ ಮತ್ತು ಜೊತೆಗಾರರ ಬಗ್ಗೆ ಕಾಸರಗೋಡಿನ ಬಲ್ಲವರಲ್ಲಿ ವಿಚಾರಣೆ

ಮಂದ್ರ (ನೀರ್ಚಾಲು)

ಎಲ್ಲರಿಗೂ ನಮಸ್ಕಾರ. ಬಾಸ್ ಗಿಟಾರಿನ ಹುಚ್ಚು ಹತ್ತಿದವನು ನಾನು. ಮಂಗಳೂರಿನಲ್ಲಿರುವ ಗೆಳೆಯನೊಬ್ಬ ಊರಿಗೆ ಬಂದಾಗಲೆಲ್ಲ ತನ್ನ ವಾದ್ಯವನ್ನು ನನ್ನ ಕೈಗೆ ಕೊಡುತ್ತಾನೆ. ಹಿಂದಕ್ಕೆ ಕೊಡುವಾಗ ಮಾತ್ರ ಮನಸ್ಸು ಬರುವುದಿಲ್ಲ. ಈಗ ಸ್ವಂತಕ್ಕೆ ಒಂದನ್ನು ಕೊಳ್ಳಬೇಕೆಂದಿದ್ದೇನೆ. ತೋಟದ ಕೆಲಸ ಮುಗಿಸಿ ಸಂಜೆ ಕುಳಿತರೆ ವಾದ್ಯಗಳ ಚಿತ್ರ ನೋಡುವುದೇ ಕೆಲಸವಾಗಿದೆ. ಯಾವ ಮರ, ಯಾವ ಪಿಕಪ್ (ತಂತಿಯ ಕಂಪನವನ್ನು ಕರೆಂಟಿನ ಸಂಕೇತವಾಗಿಸುವ ಭಾಗ), ಎಷ್ಟು ಫ್ರೆಟ್ (ಸ್ವರದ ಮನೆಗಳನ್ನು ಗುರುತಿಸುವ ಅಡ್ಡಪಟ್ಟಿ) ಎಂಬುದೆಲ್ಲ ಬಾಯಿಪಾಠವಾಗಿದ್ದರೂ ಯಾವುದನ್ನು ಕೊಳ್ಳಬೇಕೆಂದು ಕೇಳಿದರೆ ಉತ್ತರವಿಲ್ಲ.

ಅಮೆರಿಕದ ವಾದ್ಯ ತಯಾರಕ ಲಿಯೋ ಫೆಂಡರ್ ಅವರು 1951ರಲ್ಲಿ ಹೊರತಂದ ಪ್ರಿಸಿಷನ್ ಮಾದರಿ, 1960ರಲ್ಲಿ ಬಂದ ಜಾಝ್ ಮಾದರಿ, ಇವೆರಡರಲ್ಲಿ ಹೊಸಬನಿಗೆ ಯಾವುದು ಒಳ್ಳೆಯದು? ಆಂಪೂ (ವಾದ್ಯದ ಸದ್ದು ಹೆಚ್ಚಿಸುವ ಸ್ಪೀಕರ್ ಪೆಟ್ಟಿಗೆ) ಸೇರಿ ನನ್ನ ಕೈಯಲ್ಲಿರುವುದು 25,000 ರೂಪಾಯಿ. ನಮ್ಮ ಭಜನಾ ಮಂದಿರದಲ್ಲಿ ಶನಿವಾರದ ಭಜನೆಗೆ ಹಾರ್ಮೋನಿಯಂ, ತಬಲಾ, ತಾಳ ಇವೆ. ಅಲ್ಲಿ ಕೂತು ನುಡಿಸಬೇಕೆಂಬುದು ಮೊದಲ ಆಸೆ. ಜಾತ್ರೆಯ ಗಾನಮೇಳದ ವೇದಿಕೆ ಏರಬೇಕೆಂಬುದು ಎರಡನೆಯದು, ಅದಕ್ಕೆ ಅವಸರವಿಲ್ಲ. ನಮ್ಮ ಕಡೆ ಬಾಸ್ ನುಡಿಸುವವರು ಇದ್ದರೆ ಅವರ ಪರಿಚಯವೂ ಆಗಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಹಳೆಯ ಗಾನಮೇಳ (ಕಾಸರಗೋಡು)

ಬನ್ನಿ, ಸಂತೋಷ. ಇಲ್ಲಿಂದ ಪಯ್ಯನ್ನೂರಿನವರೆಗಿನ ಗಾನಮೇಳಗಳಲ್ಲಿ ಬಹಳ ಕಾಲ ಬಾಸ್ ನುಡಿಸಿದವನು ನಾನು. ವಾದ್ಯದ ವಿಷಯವನ್ನಷ್ಟೇ ಹೇಳುತ್ತೇನೆ. ಆಂಪಿನ ವಿಷಯಕ್ಕೆ ಬದಿಯಡ್ಕದ ಮೈಕ್ ಸೆಟ್ಟಿನವರು ಇಲ್ಲೇ ಇದ್ದಾರೆ, ಅವರು ಸುಮ್ಮನಿರುವ ಜನವಲ್ಲ.

ಪ್ರಿಸಿಷನ್ ಮಾದರಿಯಲ್ಲಿ ಎರಡು ತುಂಡಾಗಿ ಕೂತಿರುವ ಒಂದೇ ಪಿಕಪ್ ಇರುತ್ತದೆ. 1957ರಿಂದ ಅದಕ್ಕೆ ಈ ರೂಪ. ಎರಡು ತುಂಡುಗಳ ಸುರುಳಿಗಳು ಒಂದಕ್ಕೊಂದು ವಿರುದ್ಧವಾಗಿರುವುದರಿಂದ ಕರೆಂಟಿನ ಗುಂಯ್‌ಗುಡುವಿಕೆ ತನ್ನಿಂದ ತಾನೇ ಅಡಗುತ್ತದೆ. ನಾದ ತುಂಬು, ಆಯ್ಕೆ ಕಡಿಮೆ: ಒಂದು ಗುಬ್ಬಿ ಸದ್ದಿಗೆ, ಇನ್ನೊಂದು ಟೋನಿಗೆ. ಜಾಝ್ ಮಾದರಿಯಲ್ಲಿ ಎರಡು ಪ್ರತ್ಯೇಕ ಪಿಕಪ್‌ಗಳಿದ್ದು, ಬ್ರಿಜ್ (ತಂತಿಗಳ ಬುಡ ಕೂತಿರುವ ಲೋಹದ ತುಂಡು) ಬಳಿಯದನ್ನು ಏರಿಸಿದಂತೆ ಸ್ವರದ ಅಂಚು ಹರಿತವಾಗುತ್ತದೆ. ಒಂದನ್ನೇ ಇಟ್ಟುಕೊಂಡರೆ ಗುಂಯ್‌ಗುಡುವುದೂ ಉಂಟು. ಅದರ ನೆಕ್ (ಬೆರಳೊತ್ತುವ ಉದ್ದನೆಯ ಕತ್ತು) ತಲೆಯ ಕಡೆ ಸುಮಾರು 38 ಮಿಲಿಮೀಟರ್ ಅಗಲ, ಪ್ರಿಸಿಷನ್ನಿನದು ಸಾಮಾನ್ಯವಾಗಿ 41ರ ಮೇಲೆ. ಸಣ್ಣ ಅಂಗೈಯವರಿಗೆ ಈ ಮೂರು ಮಿಲಿಮೀಟರ್ ದೊಡ್ಡ ಮಾತು.

ನಿಮ್ಮ ಹಣಕ್ಕೆ ಪ್ರಿಸಿಷನ್, ಜಾಝ್ ಎರಡೂ ಬಗೆಯ ಪಿಕಪ್ ಸೇರಿಸಿದ ಪಿ.ಜೆ. ಜೋಡಣೆಯ ವಾದ್ಯ ನೋಡಿ. ಯಮಾಹಾದ ಟಿ.ಆರ್.ಬಿ.ಎಕ್ಸ್. 174, ಐಬನೇಜಿನ ಜಿ.ಎಸ್.ಆರ್. 200 ಈ ಜಾತಿಯವು. ಎರಡನೆಯದರ ಒಳಗೆ 9 ವೋಲ್ಟಿನ ಬ್ಯಾಟರಿ ಇದೆ, ಕೇಬಲ್ ಚುಚ್ಚಿದೊಡನೆ ಅದು ಖರ್ಚಾಗತೊಡಗುತ್ತದೆ. ನುಡಿಸಿ ಮುಗಿದ ಮೇಲೆ ಕೇಬಲನ್ನು ಕಿತ್ತಿಡದಿದ್ದರೆ ಭಜನೆಯ ನಡುವೆ ವಾದ್ಯ ಮೂಕವಾಗುತ್ತದೆ. ಹೊಸಬರಿಗೆ ಬ್ಯಾಟರಿಯಿಲ್ಲದ್ದೇ ಲೇಸೆಂದು ನನ್ನ ಅಭಿಪ್ರಾಯ. ಮರದ ಜಾತಿಯ ಬಗ್ಗೆ ತಲೆಕೆಡಿಸಿಕೊಳ್ಳಬೇಡಿ. ಬಣ್ಣದ ಬಗ್ಗೆ ಬೇಕಾದರೆ ಕೆಡಿಸಿಕೊಳ್ಳಿ, ಏಕೆಂದರೆ ನೋಡಿದಾಗಲೆಲ್ಲ ಕೈಗೆತ್ತಿಕೊಳ್ಳಬೇಕೆನಿಸುವ ವಾದ್ಯವೇ ಹೆಚ್ಚು ಅಭ್ಯಾಸ ಮಾಡಿಸುತ್ತದೆ.

ಅಂಗಡಿಯಲ್ಲಿ ವಾದ್ಯವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಬ್ರಿಜ್ ಕಡೆಯಿಂದ ನೆಕ್ಕಿನ ಉದ್ದಕ್ಕೂ ನೋಡಿ. ತಿರುಚಿಕೊಂಡಿದ್ದರೆ ಅದನ್ನು ಬಿಟ್ಟು ಮುಂದಕ್ಕೆ ಹೋಗಿ. ಬಾಗನ್ನು ಸರಿಪಡಿಸಬಹುದು, ತಿರುಚನ್ನು ಸರಿಪಡಿಸಲಾಗದು. ಆಮೇಲೆ ಪ್ರತಿಯೊಂದು ತಂತಿಯನ್ನೂ ಮೊದಲ ಫ್ರೆಟ್ಟಿನಿಂದ ಕೊನೆಯವರೆಗೆ ಒಂದೊಂದಾಗಿ ಒತ್ತಿ ನುಡಿಸಿ, ಎಲ್ಲಿಯಾದರೂ ಸ್ವರ ಸತ್ತರೆ ಅಥವಾ ತಂತಿ ಫ್ರೆಟ್ಟಿಗೆ ಬಡಿದು ಚರ್ ಎಂದರೆ ಅಂಗಡಿಯವರಿಗೆ ಅಲ್ಲೇ ತೋರಿಸಿ. 12ನೇ ಫ್ರೆಟ್ಟಿನ ಮೇಲೆ ತಂತಿಯನ್ನು ಹಗುರವಾಗಿ ಮುಟ್ಟಿ ಬರಿಸಿದ ಸ್ವರವೂ ಅಲ್ಲಿಯೇ ಒತ್ತಿ ಬರಿಸಿದ ಸ್ವರವೂ ಒಂದೇ ಆಗಿರಬೇಕು. ಆಗದಿದ್ದರೆ ಬ್ರಿಜ್ಜಿನ ತಿರುಪನ್ನು ಹೊಂದಿಸಿಕೊಡಲು ಹೇಳಿ. ಅಗ್ಗದ ವಾದ್ಯಕ್ಕೂ ದುಬಾರಿ ವಾದ್ಯಕ್ಕೂ ಹೊಸಬನ ಕೈಯಲ್ಲಿ ಕಾಣುವ ವ್ಯತ್ಯಾಸದ ಬಹುಪಾಲು ಈ ಹೊಂದಾಣಿಕೆಯದು.

ನಾಲ್ಕು ತಂತಿ (ಉಪ್ಪಳ)

ಅಣ್ಣ ಹೇಳಿದ್ದರಲ್ಲಿ ಒಂದನ್ನು ಬಿಟ್ಟು ಉಳಿದದ್ದಕ್ಕೆಲ್ಲ ನನ್ನ ಸಮ್ಮತಿ ಇದೆ. ನೆಕ್ಕಿನ ಅಗಲಕ್ಕಿಂತ ತಂತಿಯ ಉದ್ದ ದೊಡ್ಡ ಸಮಸ್ಯೆ. ಸಾಮಾನ್ಯ ಬಾಸಿನಲ್ಲಿ ತಂತಿ 34 ಇಂಚು ಇರುವುದರಿಂದ ಮೊದಲ ಫ್ರೆಟ್ಟಿನ ಮನೆಯ ಅಗಲವೇ ಸುಮಾರು 48 ಮಿಲಿಮೀಟರ್ ಆಗುತ್ತದೆ. ಗಿಟಾರಿನಲ್ಲಿ ಅದು 36ರ ಆಸುಪಾಸು. ನಾಲ್ಕು ಫ್ರೆಟ್ಟಿಗೆ ನಾಲ್ಕು ಬೆರಳೆಂದು ಗಿಟಾರಿನ ಪಾಠದಲ್ಲಿ ಹೇಳಿಕೊಡುವ ಕ್ರಮವನ್ನು ಇಲ್ಲಿ ಬಲವಂತದಿಂದ ತಂದರೆ ಮಣಿಕಟ್ಟು ನೋಯುತ್ತದೆ. ಮೊದಲ ಐದು ಫ್ರೆಟ್‌ಗಳಲ್ಲಿ ತೋರುಬೆರಳು, ನಡುಬೆರಳು, ಕಿರುಬೆರಳು ಇವು ಮೂರೇ ಸಾಕು. ಉಂಗುರ ಬೆರಳು ಕಿರುಬೆರಳಿಗೆ ಒತ್ತಾಸೆಯಾಗಿರಲಿ. ದೊಡ್ಡ ಡಬಲ್ ಬಾಸ್ ನುಡಿಸುವವರ ಪದ್ಧತಿ ಇದು. ಅಂಗೈ ತೀರಾ ಸಣ್ಣದಾಗಿದ್ದರೆ 30 ಇಂಚಿನ ಗಿಡ್ಡ ಬಾಸ್‌ಗಳೂ ಸಿಗುತ್ತವೆ. ಅವನ್ನು ಮಕ್ಕಳ ವಾದ್ಯವೆಂದು ಮೂಗು ಮುರಿಯುವವರ ಮಾತಿಗೆ ಕಿವಿಗೊಡಬೇಡಿ.

ಮಂಗಳೂರಿನಲ್ಲಿ ಕೆಲಸ ಮಾಡುವ ನಾನು ದಿನವೂ ರೈಲಿನಲ್ಲಿ ಹೋಗಿ ಬರುವವಳು. ವಾದ್ಯವನ್ನು ಕೈಯಲ್ಲಿ ಹಿಡಿದು ನೋಡಬೇಕಾದರೆ ಅಲ್ಲಿಗೇ ಹೋಗಿ. ಆನ್‌ಲೈನಿನಲ್ಲಿ ಐನೂರು ರೂಪಾಯಿ ಉಳಿಸಲು ಹೋಗಿ ತೂಕ ಎಷ್ಟೆಂದು ತಿಳಿಯದ ವಾದ್ಯವನ್ನು ತರಿಸಬೇಡಿ. ಕುಳಿತು ನುಡಿಸಿದರೆ ಸಾಲದು, ಪಟ್ಟಿ ಹಾಕಿ ಹತ್ತು ನಿಮಿಷ ನಿಂತು ನೋಡಿ. ಕೆಲವು ವಾದ್ಯಗಳ ತಲೆ ಭಾರವಾಗಿದ್ದು ಕೈಬಿಟ್ಟೊಡನೆ ನೆಲದ ಕಡೆಗೆ ವಾಲುತ್ತದೆ. ಆಗ ಎಡಗೈ ಸ್ವರ ಒತ್ತುವುದನ್ನು ಬಿಟ್ಟು ವಾದ್ಯವನ್ನು ಎತ್ತಿಹಿಡಿಯುವ ಕೂಲಿ ಕೆಲಸಕ್ಕೆ ನಿಲ್ಲುತ್ತದೆ.

ಮೈಕ್ ಸೆಟ್ (ಬದಿಯಡ್ಕ)

ನನ್ನ ಹೆಸರು ಬಂದ ಮೇಲೆ ಬರೆಯಲೇಬೇಕಲ್ಲ. ಆಂಪಿನ ವಿಷಯದಲ್ಲಿ ಹೊಸಬರು ಕೇಳುವ ಪ್ರಶ್ನೆ ಯಾವಾಗಲೂ ವಾಟಿನದ್ದು. ವಾಟ್ ಇಮ್ಮಡಿಯಾದರೆ ಸದ್ದು ಇಮ್ಮಡಿಯಾಗುವುದಿಲ್ಲ, 3 ಡೆಸಿಬಲ್ ಮಾತ್ರ ಏರುತ್ತದೆ. ಕಿವಿಗೆ ಇಮ್ಮಡಿ ಎನಿಸಬೇಕಾದರೆ ಸುಮಾರು ಹತ್ತು ಪಟ್ಟು ವಾಟ್ ಬೇಕು. ಆದುದರಿಂದ 20 ಮತ್ತು 25 ವಾಟಿನ ನಡುವೆ ಆರಿಸುತ್ತಾ ನಿದ್ದೆಗೆಡಬೇಡಿ. ಸ್ಪೀಕರಿನ ಅಳತೆಯನ್ನೂ ಪೆಟ್ಟಿಗೆಯ ಗಾತ್ರವನ್ನೂ ನೋಡಿ. ನಿಮ್ಮ ದಪ್ಪ ತಂತಿ ಬಿಟ್ಟು ನುಡಿಸಿದಾಗ ಸೆಕೆಂಡಿಗೆ 41 ಸಲ ಕಂಪಿಸುತ್ತದೆ, ಆ ಅಲೆಯ ಉದ್ದ 8 ಮೀಟರಿಗೂ ಮಿಕ್ಕಿದ್ದು. ಅಷ್ಟು ಗಾಳಿಯನ್ನು ತಳ್ಳಲು ಆರು ಇಂಚಿನ ಸ್ಪೀಕರಿನಿಂದ ಆಗದು. ಮನೆಯಲ್ಲಿ ಅಭ್ಯಾಸಕ್ಕೆ 8 ಇಂಚಿನದು ನಡೆಯುತ್ತದೆ. ಭಜನೆಗೆ ಒಯ್ಯಬೇಕಾದರೆ 10 ಇಂಚಿನ ಸ್ಪೀಕರಿರುವ 40 ವಾಟಿನ ಆಸುಪಾಸಿನದು ಇರಲಿ. ಡ್ರಮ್ ಸೆಟ್ಟಿನ ಪಕ್ಕದಲ್ಲಿ ಇದು ಕೇಳಿಸುವುದೇ ಇಲ್ಲ. ಅಲ್ಲಿ ಇನ್ನೂರು ವಾಟ್ ಕೂಡ ಹೆಚ್ಚಲ್ಲ. 1969ರಲ್ಲಿ ಬಂದ ಆಂಪೆಗ್ ಎಸ್.ವಿ.ಟಿ. ಎಂಬ ಬಾಸ್ ಆಂಪ್ 300 ವಾಟಿನದು, ಅದರ ಜೊತೆಯ ಪೆಟ್ಟಿಗೆಯಲ್ಲಿ 10 ಇಂಚಿನ ಎಂಟು ಸ್ಪೀಕರ್. ಅದನ್ನು ಹೊರಲು ನಾಲ್ಕು ಜನ, ಇಡಲು ಒಂದು ಪಿಕಪ್ ವ್ಯಾನ್ ಬೇಕು. ಈಗ ಯಾರೂ ಅಷ್ಟನ್ನು ಹೊರಬೇಕಾಗಿಲ್ಲ, ಏಕೆಂದರೆ ವೇದಿಕೆಯಲ್ಲಿ ನಾವು ಬಾಸನ್ನು ಡಿ.ಐ. ಬಾಕ್ಸಿನ (ವಾದ್ಯದ ಸಂಕೇತವನ್ನು ಮಿಕ್ಸರಿಗೆ ಹೊಂದಿಸುವ ಪುಟ್ಟ ಪೆಟ್ಟಿಗೆ) ಮೂಲಕ ನೇರವಾಗಿ ಮಿಕ್ಸರಿಗೆ ಕೊಟ್ಟು ದೊಡ್ಡ ಸ್ಪೀಕರುಗಳಿಂದ ಹೊರಡಿಸುತ್ತೇವೆ; ಹಿಂದಿರುವ ಆಂಪ್ ನುಡಿಸುವವನಿಗೆ ತನ್ನದು ಕೇಳಿದರೆ ಸಾಕೆಂಬ ಲೆಕ್ಕಕ್ಕೆ.

ಇನ್ನೊಂದು ಮಾತು. ಆಂಪಿಗಾಗಿ ವಾದ್ಯದ ಹಣವನ್ನು ಕಡಿಮೆ ಮಾಡಬೇಡಿ. ಮೊದಲು ಹೆಡ್‌ಫೋನ್ ಆಂಪ್ ಒಂದನ್ನು ಕೊಂಡು ವಾದ್ಯಕ್ಕೆ ಸಿಕ್ಕಿಸಿಕೊಳ್ಳಿ. ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದಿರುವ ಆ ಸಾಮಾನು ಮನೆಯವರ ನಿದ್ದೆಯನ್ನೂ ನಿಮ್ಮ ಅಭ್ಯಾಸವನ್ನೂ ಉಳಿಸುತ್ತದೆ.

ಮಂದ್ರ (ನೀರ್ಚಾಲು)

ಎಲ್ಲರಿಗೂ ಬಹಳ ಉಪಕಾರವಾಯಿತು. ನಮ್ಮ ಮನೆಯಲ್ಲಿ ವೂಫರ್ ಇರುವ ಹೋಂ ಥಿಯೇಟರ್ ಇದೆ. ಸದ್ಯಕ್ಕೆ ಅದಕ್ಕೇ ಚುಚ್ಚಿದರೆ ಆಗದೇ? ಪರಿಚಯದವರ ಬಳಿ ಹಳೆಯ ಗಿಟಾರ್ ಆಂಪ್ ಕೂಡ ಒಂದಿದೆ.

ಮೈಕ್ ಸೆಟ್ (ಬದಿಯಡ್ಕ)

ಹೋಂ ಥಿಯೇಟರಿನ ಒಳಹೊಗುವ ಜಾಗ ಮೊಬೈಲ್, ಟಿ.ವಿ.ಗಳಿಗೆಂದು ಮಾಡಿದ್ದು. ಬ್ಯಾಟರಿಯಿಲ್ಲದ ಬಾಸಿನ ಪಿಕಪ್ ಕೊಡುವ ಸಂಕೇತ ದುರ್ಬಲ, ಅದಕ್ಕೆ ಎದುರಿನ ತಡೆ ಬಹಳ ದೊಡ್ಡದಿರಬೇಕು. ನೇರ ಚುಚ್ಚಿದರೆ ಸದ್ದು ಸೊರಗಿ ಮಸುಕಾಗಿ ಬರುತ್ತದೆ. ಬರುತ್ತಿಲ್ಲವೆಂದು ನೀವು ಪೂರ್ತಿ ಏರಿಸುತ್ತೀರಿ, ಒಂದು ದಿನ ಬೆರಳು ಗಟ್ಟಿಯಾಗಿ ಬಿದ್ದಾಗ ವೂಫರಿನ ಕಾಗದ ಹೋಗುತ್ತದೆ. ಹೆಡ್‌ಫೋನ್ ಆಂಪಿನ ಹೊರದಾರಿಯಿಂದ ಹೋಂ ಥಿಯೇಟರಿಗೆ ಕೊಟ್ಟರೆ ಆದೀತು, ಅದೂ ಹದವಾಗಿ. ಗಿಟಾರ್ ಆಂಪಿನಲ್ಲಿ ಮಾತನಾಡುವಷ್ಟು ಸದ್ದಿನಲ್ಲಿ ನುಡಿಸಿದರೆ ಏನೂ ಆಗದು, ಏರಿಸಿದರೆ ಅದರ ಸ್ಪೀಕರಿಗೂ ಇದೇ ಗತಿ. ಕೀಬೋರ್ಡ್ ಆಂಪ್ ಯಾರಲ್ಲಿಯಾದರೂ ಇದ್ದರೆ ಕೇಳಿ, ಅದು ಬಾಸಿಗೆ ಚೆನ್ನಾಗಿ ಒಪ್ಪುತ್ತದೆ.

ಹಾರ್ಮೋನಿಯಂ ಮಾಷ್ಟ್ರು (ಪೆರ್ಲ)

ಚರ್ಚೆಯನ್ನು ಓದುತ್ತಾ ಬಂದೆ. ವಾದ್ಯ ಯಾವುದು, ಪೆಟ್ಟಿಗೆ ಯಾವುದು ಎಂದು ಇಷ್ಟೊಂದು ಮಾತಾಯಿತು; ಭಜನೆಗೆ ಅದು ಬೇಕೇ ಎಂದು ಯಾರೂ ಕೇಳಲಿಲ್ಲ. ಒಂದೆರಡು ಕಡೆ ಭಜನೆಗೆ ಬಾಸ್ ಗಿಟಾರ್ ಕೂಡಿಸಿದ್ದನ್ನು ನಾನು ಕೇಳಿದ್ದೇನೆ. ಹಾಡುವವರು ಮೋಹನ ಹಾಡುತ್ತಿದ್ದರೆ ಬಾಸಿನವರು ಎಲ್ಲೋ ಕಲಿತ ಕಾರ್ಡಿನ ಲೆಕ್ಕ ಹಿಡಿದು ನಿಷಾದಕ್ಕೂ ಮಧ್ಯಮಕ್ಕೂ ಇಳಿಯುತ್ತಿದ್ದರು. ಮೋಹನದಲ್ಲಿ ಆ ಎರಡು ಸ್ವರಗಳೂ ಇಲ್ಲ. ತಗ್ಗಿನಲ್ಲಿ ನುಡಿದ ತಪ್ಪು ಸ್ವರ ಸಣ್ಣದಾಗಿ ಕೇಳುವುದಿಲ್ಲ, ಇಡೀ ಹಾಡಿನ ನೆಲೆಯನ್ನೇ ಬದಲಿಸಿಬಿಡುತ್ತದೆ. ತಬಲಾದ ಡಗ್ಗದ ನಾದವೂ ತಗ್ಗಿನದೇ ಆದ್ದರಿಂದ ಬಾಸ್ ಎಡೆಬಿಡದೆ ನುಡಿದರೆ ಅದರ ಗುಮುಕಿ ಕೇಳುವುದಿಲ್ಲ.

ಬೇಡವೆಂದು ನಾನು ಹೇಳುವುದಿಲ್ಲ. ಯಕ್ಷಗಾನಕ್ಕೂ ನಾಟಕಕ್ಕೂ ಹಾರ್ಮೋನಿಯಂ ಬಂದದ್ದು ಹೊರಗಿನಿಂದಲೇ, ಈಗ ನಾವೇ ಅದನ್ನು ಹೊತ್ತು ತಿರುಗುತ್ತಿದ್ದೇವೆ. ಆದರೆ ಕೂಡುವವರು ಕೆಲವನ್ನು ತಿಳಿದಿರಬೇಕು. ಮೊದಲನೆಯದಾಗಿ ಶ್ರುತಿ. ನಮ್ಮ ಹಾರ್ಮೋನಿಯಂಗಳು ಮೊಬೈಲಿನ ಟ್ಯೂನರ್ ಹೇಳುವ 440ರ (ಎ ಸ್ವರಕ್ಕೆ ಸೆಕೆಂಡಿಗೆ 440 ಕಂಪನ) ಲೆಕ್ಕಕ್ಕೆ ಕರಾರುವಾಕ್ಕಾಗಿ ಇರುವುದು ಅಪರೂಪ. ಹಾರ್ಮೋನಿಯಮ್ಮಿಗೆ ಬಾಸನ್ನು ಕೂಡಿಸಬೇಕೇ ಹೊರತು ಟ್ಯೂನರಿಗೆ ಕೂಡಿಸಿ ಬಂದು ಪೆಟ್ಟಿಗೆ ತಪ್ಪೆನ್ನಬಾರದು. ಎರಡನೆಯದು ಗಾಂಧಾರ. ಫ್ರೆಟ್ಟಿನ ಅಂತರ ಗಾಂಧಾರವು ತಂಬೂರಿಯ ಷಡ್ಜದಿಂದ ತಾನಾಗಿ ಹೊಮ್ಮುವ ಗಾಂಧಾರಕ್ಕಿಂತ 14 ಸೆಂಟಿನಷ್ಟು (ಪಕ್ಕಪಕ್ಕದ ಎರಡು ಮನೆಗಳ ಅಂತರದ ನೂರರಲ್ಲೊಂದು ಪಾಲು ಒಂದು ಸೆಂಟ್) ಮೇಲಿರುತ್ತದೆ. ಹಾರ್ಮೋನಿಯಮ್ಮಿನ ದೋಷವೂ ಅದೇ ಆದ್ದರಿಂದ ಎರಡೂ ಒಂದಕ್ಕೊಂದು ಒಪ್ಪುತ್ತವೆ, ಹಾಡುವವರಿಗೆ ಮಾತ್ರ ಒಪ್ಪುವುದಿಲ್ಲ. ಆ ಸ್ವರದ ಮೇಲೆ ನಿಂತು ಎಳೆಯದೆ ಮುಟ್ಟಿ ಹೋಗಬೇಕು. ಪಂಚಮದಲ್ಲಿ ವ್ಯತ್ಯಾಸ 2 ಸೆಂಟ್ ಮಾತ್ರ. ಅಲ್ಲಿ ಎಷ್ಟು ಹೊತ್ತು ನಿಂತರೂ ತೊಂದರೆಯಿಲ್ಲ.

ಇಗರ್ಜಿಯ ಕೊನೆಯ ಸಾಲು (ಮಂಜೇಶ್ವರ)

ಮಾಷ್ಟ್ರು ಹೇಳಿದ್ದು ಕಟುವಾಗಿ ಕೇಳಿದರೂ ಹುರುಳಿದೆ. ಇಗರ್ಜಿಯ ಗಾಯನ ಮಂಡಳಿಯಲ್ಲಿ ನಾನು ಬಾಸ್ ನುಡಿಸುತ್ತೇನೆ. ನಮ್ಮ ಕೊಂಕಣಿ ಗೀತೆಗಳು ಕಾರ್ಡಿನ ಮೇಲೆಯೇ ಕಟ್ಟಿದವಾದ್ದರಿಂದ ಅಲ್ಲಿ ನಾಲ್ಕು ಧ್ವನಿಗಳ ತಳದ ಸಾಲನ್ನು ಹಿಡಿದರೆ ಕೆಲಸವಾಯಿತು. ನೆರೆಮನೆಯವರ ಕರೆಗೆ ಓಗೊಟ್ಟು ಭಜನೆಗೂ ಕೂತಿದ್ದೇನೆ, ಅಲ್ಲಿ ಲೆಕ್ಕವೇ ಬೇರೆ. ಅದನ್ನು ಹಾರ್ಮೋನಿಯಮ್ಮಿನವರ ಭಾಷೆಯಲ್ಲೇ ಹೇಳುತ್ತೇನೆ.

ಬಾಸಿನ ನಾಲ್ಕು ತಂತಿಗಳು ದಪ್ಪದಿಂದ ಸಪೂರಕ್ಕೆ ಇ, ಎ, ಡಿ, ಜಿ. ಎಂದರೆ ಹಾರ್ಮೋನಿಯಮ್ಮಿನಲ್ಲಿ ಸಿ ಮನೆಯಿಂದ ಎಣಿಸಿದರೆ ಬಿಳಿ 3, ಬಿಳಿ 6, ಬಿಳಿ 2, ಬಿಳಿ 5. ಒಂದೊಂದು ಫ್ರೆಟ್ ಹಾರ್ಮೋನಿಯಮ್ಮಿನ ಒಂದೊಂದು ಮನೆ, ಕಪ್ಪು ಬಿಳಿ ಎಲ್ಲ ಸೇರಿ. ಹಾಡುವವರು ಕಪ್ಪು 1ರಲ್ಲಿ ಹಾಡುತ್ತಾರೆಂದಿಟ್ಟುಕೊಳ್ಳಿ: ಎ ತಂತಿಯ ನಾಲ್ಕನೇ ಫ್ರೆಟ್ ನಿಮ್ಮ ಷಡ್ಜ. ಅಲ್ಲಿಂದ ಪಕ್ಕದ ದಪ್ಪ ತಂತಿಯ ಅದೇ ಫ್ರೆಟ್ಟಿಗೆ ಬೆರಳು ಸರಿಸಿದರೆ ಮಂದ್ರ ಪಂಚಮ. ಪಕ್ಕದ ಸಪೂರ ತಂತಿಯ ಅದೇ ಫ್ರೆಟ್ಟಿನಲ್ಲಿ ಶುದ್ಧ ಮಧ್ಯಮ, ಅದೇ ತಂತಿಯಲ್ಲಿ ಎರಡು ಫ್ರೆಟ್ ಮುಂದಕ್ಕೆ ಹೋದರೆ ಮೇಲಿನ ಪಂಚಮ. ಷಡ್ಜದಿಂದ ಎರಡು ತಂತಿ ದಾಟಿ ಎರಡು ಫ್ರೆಟ್ ಮುಂದೆ ಮೇಲಿನ ಷಡ್ಜ. ಈ ಆಕಾರವನ್ನು ಕೈ ಒಮ್ಮೆ ಕಲಿತರೆ ಶ್ರುತಿ ಯಾವುದಾದರೂ ಇಡಿಯ ಆಕಾರವನ್ನೇ ಹಿಂದೆ ಮುಂದೆ ಸರಿಸಿದರೆ ಆಯಿತು. ಹಾರ್ಮೋನಿಯಮ್ಮಿನವರಂತೆ ಪ್ರತಿ ಶ್ರುತಿಗೂ ಬೆರಳ ಜಾಡನ್ನು ಹೊಸದಾಗಿ ಕಲಿಯಬೇಕಿಲ್ಲ. ಮಾಷ್ಟ್ರು ಕೋಪಿಸಬಾರದು.

ಹೆಂಗಸರು ಕಪ್ಪು 4ರಲ್ಲಿ ಹಾಡಿದಾಗ ಷಡ್ಜವೇ ದಪ್ಪ ತಂತಿಯ ನಾಲ್ಕನೇ ಫ್ರೆಟ್ಟಿಗೆ ಬಂದುಬಿಡುತ್ತದೆ, ಅದರ ಕೆಳಗೆ ಪಂಚಮಕ್ಕೆ ಜಾಗವಿಲ್ಲ. ಐದು ತಂತಿಯ ಬಾಸಿನ ಉಪಯೋಗ ಅಂಥಲ್ಲಿ. ಅಷ್ಟಕ್ಕಾಗಿ ಹೊಸಬರು ಐದು ತಂತಿಗೆ ಹೋಗಬೇಕಿಲ್ಲ, ಮೇಲಿನ ಪಂಚಮದಲ್ಲಿ ಸುಧಾರಿಸಬಹುದು.

ಮೊದಮೊದಲು ಆವರ್ತನೆಯ ಎತ್ತುಗಡೆಗೆ ಒಂದು ಷಡ್ಜ, ಆದಿತಾಳವಾದರೆ ಐದನೆಯ ಎಣಿಕೆಗೆ ಒಂದು ಪಂಚಮ, ಇಷ್ಟೇ ನುಡಿಸಿ. ಒಂದು ಸ್ವರ ಎಲ್ಲಿ ಹುಟ್ಟಬೇಕೆಂಬುದರಷ್ಟೇ ಎಲ್ಲಿ ನಿಲ್ಲಬೇಕೆಂಬುದೂ ಮುಖ್ಯ. ಬಿಟ್ಟ ತಂತಿಗಳು ತಾವಾಗಿಯೇ ಮೊರೆಯುತ್ತಿರುತ್ತವೆ. ಬಲಗೈ ಹೆಬ್ಬೆರಳನ್ನು ದಪ್ಪ ತಂತಿಯ ಮೇಲೆ ಒರಗಿಸಿ, ಎಡಗೈಯ ಖಾಲಿ ಬೆರಳುಗಳನ್ನು ಹಗುರವಾಗಿ ಮಲಗಿಸಿ ಅವನ್ನು ಸುಮ್ಮನಿರಿಸಬೇಕು. ಡಗ್ಗದ ಪೆಟ್ಟು ಬೀಳುವಲ್ಲಿ ನಿಮ್ಮ ಸ್ವರ ನಿಂತಿದ್ದರೆ ತಬಲಾದವರು ನಿಮ್ಮತ್ತ ತಿರುಗಿ ನಗುತ್ತಾರೆ. ಅವರು ತಿರುಗದಿದ್ದರೆ ಇನ್ನೂ ಕಡಿಮೆ ನುಡಿಸಿ.

ಮಂದ್ರ (ನೀರ್ಚಾಲು)

ಅಂತೂ ವಾದ್ಯ ಮನೆಗೆ ಬಂತು. ಉಪ್ಪಳದ ಅಕ್ಕ ಹೇಳಿದಂತೆ ಮಂಗಳೂರಿಗೇ ಹೋಗಿ, ಪಟ್ಟಿ ಹಾಕಿ ನಿಂತು, ಅಂಗಡಿಯವರ ಮುಖ ಸಪ್ಪಗಾಗುವವರೆಗೂ ನುಡಿಸಿ, ಕೊನೆಗೆ ಯಮಾಹಾದ ಟಿ.ಆರ್.ಬಿ.ಎಕ್ಸ್. 174ನ್ನು ಆರಿಸಿದೆ. ಬಣ್ಣ ಕಪ್ಪು. ಜೊತೆಗೆ ಹೆಡ್‌ಫೋನ್ ಆಂಪ್ ಕೊಂಡಿದ್ದೇನೆ. ದೊಡ್ಡ ಆಂಪಿಗೆ ಅಡಿಕೆ ಮಾರಿದ ಮೇಲೆ ನೋಡಬೇಕು. ಮಂಜೇಶ್ವರದವರು ಕೊಟ್ಟ ಷಡ್ಜ ಪಂಚಮದ ಆಕಾರವನ್ನು ಎಲ್ಲ ಶ್ರುತಿಗಳಿಗೂ ಸರಿಸಿ ನುಡಿಸುತ್ತಿದ್ದೇನೆ, ಮೊಬೈಲಿನಲ್ಲಿ ತಂಬೂರಿ ಇಟ್ಟುಕೊಂಡು.

ಮಳೆಗಾಲ ಹತ್ತಿರವಾಗುತ್ತಿದೆ. ಆಟಿ ತಿಂಗಳಲ್ಲಿ ನಮ್ಮ ಮನೆಯ ಚರ್ಮದ ಚಪ್ಪಲಿಗೂ ಪುಸ್ತಕದ ರಟ್ಟಿಗೂ ಬೂಸ್ಟು ಹಿಡಿಯುತ್ತದೆ. ವಾದ್ಯವನ್ನು ಹೇಗೆ ಕಾಪಾಡಬೇಕು?

ಹಳೆಯ ಗಾನಮೇಳ (ಕಾಸರಗೋಡು)

ಒಳ್ಳೆಯದಾಯಿತು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರಿನಲ್ಲಿ ಮರದ ವಾದ್ಯ ಸಾಕುವುದೆಂದರೆ ಸ್ವಲ್ಪ ಕೆಲಸವೇ. ನುಡಿಸಿದ ಮೇಲೆ ಪ್ರತಿಸಲವೂ ಹಳೆಯ ಹತ್ತಿ ಬಟ್ಟೆಯಿಂದ ತಂತಿಯ ಮೇಲ್ಭಾಗವನ್ನು ಮಾತ್ರವಲ್ಲ, ಕೆಳಭಾಗವನ್ನೂ ಒರೆಸಿ. ಬೆವರಿನ ಉಪ್ಪು ಅಲ್ಲಿ ನಿಂತೇ ತುಕ್ಕು ಹಿಡಿಯುತ್ತದೆ. ಚೀಲದೊಳಗೆ ಸಿಲಿಕಾ ಜೆಲ್ಲಿನ ಪೊಟ್ಟಣಗಳನ್ನು ಹಾಕಿಡಿ, ಅವು ತೇವ ಕುಡಿದ ಮೇಲೆ ಹೊಸತು ಹಾಕಿ. ಹೊರಗಿನ ಗೋಡೆಗೆ ತಾಗಿಸಿ ಇಡಬೇಡಿ, ಅಡುಗೆಮನೆಯ ಅಟ್ಟದಲ್ಲಿ ಬೆಚ್ಚಗಿರುತ್ತದೆಂದು ಅಲ್ಲಿಯೂ ಇಡಬೇಡಿ. ದಿನವೂ ತೆಗೆದು ನುಡಿಸುವ ವಾದ್ಯಕ್ಕೆ ಬೂಸ್ಟು ಬರುವುದು ಕಡಿಮೆ.

ತೇವದಿಂದ ನೆಕ್ ಅಲ್ಲಾಡುವುದುಂಟು. ನೋಡುವ ಬಗೆ ಹೀಗೆ: ದಪ್ಪ ತಂತಿಯನ್ನು ಮೊದಲ ಫ್ರೆಟ್ಟಿನಲ್ಲಿ ಒಂದು ಕೈಯಿಂದಲೂ ಕೊನೆಯ ಫ್ರೆಟ್ಟಿನಲ್ಲಿ ಇನ್ನೊಂದು ಕೈಯಿಂದಲೂ ಒತ್ತಿ ಹಿಡಿದು, ಏಳು ಎಂಟನೇ ಫ್ರೆಟ್ಟಿನ ಬಳಿ ತಂತಿಗೂ ಫ್ರೆಟ್ಟಿಗೂ ಇರುವ ಸಂದನ್ನು ನೋಡಿ. ಪೋಸ್ಟ್ ಕಾರ್ಡಿನ ದಪ್ಪದಷ್ಟು, ಎಂದರೆ ಮೂರನೇ ಒಂದು ಮಿಲಿಮೀಟರಿನಷ್ಟು ಸಂದಿದ್ದರೆ ಸರಿ. ಅದಕ್ಕಿಂತ ಬಹಳ ಹೆಚ್ಚಾಗಿದ್ದರೆ ನೆಕ್ಕಿನೊಳಗಿನ ಸರಳನ್ನು ಅಲನ್ ಕೀಯಿಂದ ಬಲಕ್ಕೆ ಕಾಲು ಸುತ್ತು ತಿರುಗಿಸಿ ಒಂದು ರಾತ್ರಿ ಬಿಡಬೇಕು, ಮರುದಿನ ನೋಡಿ ಬೇಕಾದರೆ ಇನ್ನೊಂದು ಕಾಲು ಸುತ್ತು. ಸಂದೇ ಇಲ್ಲದಿದ್ದರೆ ಎಡಕ್ಕೆ. ಬಿಗಿಯಾಗಿ ನಿಂತರೆ ಬಲ ಹಾಕದೆ ಬಲ್ಲವರ ಬಳಿ ಒಯ್ಯಿರಿ.

ತಂತಿಯ ದಪ್ಪ, ಇಂಚಿನ ಸಾವಿರದೊಂದು ಪಾಲಿನ ಲೆಕ್ಕದಲ್ಲಿ, 45ರಿಂದ 105ರ ಸೆಟ್ ಸಾಮಾನ್ಯ. ಹಳತಾಗಿ ಒದ್ದೆ ಹಗ್ಗದಂತೆ ದಬದಬ ಎನ್ನತೊಡಗಿದಾಗ ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಬೇಯಿಸಿ ಚೆನ್ನಾಗಿ ಒಣಗಿಸಿದರೆ ಕೆಲವು ವಾರ ಮತ್ತೆ ಹೊಳಪು ಬರುತ್ತದೆ. ಮನೆಯ ಹೆಂಗಸರ ಕಣ್ಣಿಗೆ ಬೀಳದ ಪಾತ್ರೆಯಲ್ಲಿ ಮಾಡಿ.

ನಾಲ್ಕು ತಂತಿ (ಉಪ್ಪಳ)

ಮನೆಯ ಗಂಡಸರು ಸ್ವಂತಕ್ಕೊಂದು ಪಾತ್ರೆ ಕೊಂಡರೆ ಆ ಭಯವಿರುವುದಿಲ್ಲ, ಅಣ್ಣ. ಹಳೆಯ ತಂತಿ ದಬದಬ ಎನ್ನುವುದು ಕೆಟ್ಟದ್ದೇ ಆಗಬೇಕೆಂದೂ ಇಲ್ಲ. ಡೆಟ್ರಾಯಿಟಿನ ಮೋಟೌನ್ ಧ್ವನಿಮುದ್ರಣ ಸಂಸ್ಥೆಯ ಬಾಸ್ ವಾದಕ ಜೇಮ್ಸ್ ಜೇಮರ್ಸನ್ ಅವರು ಪ್ರಿಸಿಷನ್ ಬಾಸಿಗೆ ಚಪ್ಪಟೆ ಸುತ್ತಿನ ತಂತಿ ಹಾಕಿ, ಅದನ್ನು ಬದಲಿಸುವ ಗೋಜಿಗೆ ಹೋಗದೆ, ಬಲಗೈಯ ತೋರುಬೆರಳೊಂದರಿಂದಲೇ ಅಷ್ಟೂ ಹಾಡುಗಳನ್ನು ನುಡಿಸಿದರು. ಲಾಸ್ ಏಂಜಲೀಸಿನ ಕೆರೋಲ್ ಕೇ ಗಿಟಾರ್ ನುಡಿಸುತ್ತಿದ್ದವರು. ಧ್ವನಿಮುದ್ರಣಕ್ಕೆ ಬಾಸಿನವರು ಬಾರದ ದಿನ ಅದನ್ನು ಕೈಗೆತ್ತಿಕೊಂಡು ಮತ್ತೆ ಕೆಳಗಿಡಲಿಲ್ಲ. ಅವರು ಬೆರಳಿನ ಬದಲು ಪಿಕ್ (ತಂತಿ ಮೀಟುವ ಚಿಕ್ಕ ತುಂಡು) ಬಳಸುತ್ತಿದ್ದರು. ಬೆರಳೇ ಶ್ರೇಷ್ಠ, ಪಿಕ್ ಕನಿಷ್ಠ ಎಂದು ನಿಮಗೆ ಯಾರಾದರೂ ಹೇಳಿದರೆ ಕೆರೋಲ್ ಕೇ ಅವರ ಹೆಸರನ್ನು ಹೇಳಿ.

ನಮ್ಮವರಲ್ಲಿ ಚೆನ್ನೈಯ ಕೀತ್ ಪೀಟರ್ಸ್, ಮುಂಬಯಿಯ ಮೋಹಿನಿ ಡೇ, ಬೆಂಗಳೂರಿನ ಸ್ವರಾತ್ಮ ತಂಡದ ಜಿಷ್ಣು ದಾಸ್‌ಗುಪ್ತ ಇವರನ್ನು ಹುಡುಕಿ ಕೇಳಿ. ಇಳಯರಾಜ ಅವರ ಎಂಬತ್ತರ ದಶಕದ ಹಾಡುಗಳನ್ನು ನೀವು ಕೇಳಿಯೇ ಇರುತ್ತೀರಿ. ಈಗ ಮಾತುಗಳನ್ನೂ ಪಿಟೀಲನ್ನೂ ಮರೆತು ಬಾಸಿನ ದಾರಿಯೊಂದನ್ನೇ ಹಿಡಿದು ಹಾಡಿನ ಕೊನೆಯವರೆಗೆ ಹೋಗಿ ನೋಡಿ. ಅದು ಹಾಡಿನ ಕೆಳಗೆ ಇನ್ನೊಂದು ರಾಗವನ್ನೇ ಹಾಡುತ್ತಿರುತ್ತದೆ. ಇದನ್ನು ಮೊಬೈಲಿನ ಸ್ಪೀಕರಿನಲ್ಲಿ ಕೇಳಬೇಡಿ. ಅಷ್ಟು ಸಣ್ಣ ಸ್ಪೀಕರಿನಿಂದ 41 ಕಂಪನದ ಸ್ವರ ಹೊರಡುವುದೇ ಇಲ್ಲ, ಅದರ ಮೇಲಿನ ಉಪಸ್ವರಗಳನ್ನು ಕೇಳಿದ ಮಿದುಳು ಮೂಲ ಸ್ವರವನ್ನು ಊಹಿಸಿಕೊಳ್ಳುತ್ತದೆ. ಸ್ವರ ಯಾವುದೆಂದು ತಿಳಿದರೂ ಅದರ ತೂಕ ತಿಳಿಯದು. ಹೆಡ್‌ಫೋನ್ ಹಾಕಿ.

ಹಾರ್ಮೋನಿಯಂ ಮಾಷ್ಟ್ರು (ಪೆರ್ಲ)

ತಂಬೂರಿ ಇಟ್ಟುಕೊಂಡು ಅಭ್ಯಾಸ ಮಾಡುತ್ತಿದ್ದೇನೆಂದು ಬರೆದಿರಲ್ಲ, ಅದನ್ನು ಓದಿ ಸಂತೋಷವಾಯಿತು. ನೀರ್ಚಾಲಿನ ಕಡೆಗೆ ನಾನು ಬರುವುದುಂಟು. ಬರುವ ಶನಿವಾರ ನಿಮ್ಮ ಮಂದಿರದ ಭಜನೆಗೆ ಹಾರ್ಮೋನಿಯಂ ನುಡಿಸಲು ನನ್ನನ್ನೇ ಕರೆದಿದ್ದಾರೆ. ನೀವೂ ಬನ್ನಿ, ಶ್ರುತಿ ಕೂಡಿಸಲು ಅರ್ಧ ಗಂಟೆ ಮೊದಲು. ಮೋಹನದಲ್ಲಿ ಎರಡು, ಕಲ್ಯಾಣಿಯಲ್ಲಿ ಒಂದು, ಕೊನೆಗೆ ಹಿಂದೋಳದಲ್ಲಿ ಒಂದನ್ನು ಹಾಡುವವರಿದ್ದಾರೆ. ಮೊದಲ ಮೂರಕ್ಕೆ ಷಡ್ಜ ಪಂಚಮ ನಡೆಯುತ್ತದೆ. ಹಿಂದೋಳಕ್ಕೆ ಪಂಚಮ ವರ್ಜ್ಯ. ಅಲ್ಲಿ ಪಂಚಮದ ಬದಲು ಮಧ್ಯಮಕ್ಕೆ ಹೋಗಬೇಕು, ಮಂಜೇಶ್ವರದವರು ಹೇಳಿದ ಪಕ್ಕದ ಸಪೂರ ತಂತಿಯ ಅದೇ ಫ್ರೆಟ್. ಶ್ರುತಿ ಕಪ್ಪು 1.

ಮಂದ್ರ (ನೀರ್ಚಾಲು)

ಖಂಡಿತ ಬರುತ್ತೇನೆ ಮಾಷ್ಟ್ರೇ. ಆಂಪ್ ಇಲ್ಲವಲ್ಲ ಎಂಬುದೊಂದೇ ಚಿಂತೆ.

ಇಗರ್ಜಿಯ ಕೊನೆಯ ಸಾಲು (ಮಂಜೇಶ್ವರ)

ನನ್ನ ಆಂಪ್ ಶನಿವಾರ ಖಾಲಿ ಇರುತ್ತದೆ, ಭಾನುವಾರ ಬೆಳಗ್ಗಿನ ಬಲಿಪೂಜೆಗೆ ಮಾತ್ರ ನನಗೆ ಬೇಕು. ನಾನೇ ಹಿಡಿದುಕೊಂಡು ಬರುತ್ತೇನೆ, ನಿಮ್ಮನ್ನು ನೋಡಿದಂತೆಯೂ ಆಯಿತು.

ಮೈಕ್ ಸೆಟ್ (ಬದಿಯಡ್ಕ)

ಆ ಮಂದಿರದ ಮೈಕ್ ಸೆಟ್ ನನ್ನದೇ ಆದ್ದರಿಂದ ಕೆಲವು ಮಾತು. ಆಂಪನ್ನು ಗೋಡೆಯ ಮೂಲೆಗೆ ತಳ್ಳಬೇಡಿ, ಮೂಲೆಯಲ್ಲಿ ತಗ್ಗಿನ ಸ್ವರಗಳು ಉಬ್ಬಿ ಒಂದರ ಮೇಲೊಂದು ಬೀಳುತ್ತವೆ. ಗೋಡೆಯಿಂದ ಒಂದೆರಡು ಅಡಿ ಮುಂದಕ್ಕೆ ತಂದು ಸ್ಟೂಲಿನ ಮೇಲಿಡಿ, ಕೂತವರ ಕಿವಿಗೆ ನೇರವಾಗುವಂತೆ. ಅಲ್ಲಿನ ಎಡಗಡೆಯ ಪ್ಲಗ್ಗಿನಲ್ಲಿ ಅರ್ತ್ ಇಲ್ಲ, ಅದನ್ನು ಮುಟ್ಟಬೇಡಿ. ಮಿಕ್ಸರ್ ಚುಚ್ಚಿದ ಬೋರ್ಡಿನಿಂದಲೇ ಆಂಪಿಗೂ ಕರೆಂಟ್ ತೆಗೆಯಿರಿ. ಬೇರೆ ಬೇರೆ ಕಡೆಯಿಂದ ತೆಗೆದರೆ ಗುಂಯ್‌ಗುಡುತ್ತದೆ, ಅರ್ತ್ ಇಲ್ಲದ ಕಡೆಯಿಂದ ತೆಗೆದರೆ ತಂತಿ ಹಿಡಿದ ಕೈಗೂ ಮೈಕಿಗೆ ತಾಗಿದ ತುಟಿಗೂ ನಡುವೆ ಕರೆಂಟ್ ಹರಿಯಬಹುದು. 1972ರಲ್ಲಿ ವೇಲ್ಸಿನ ಸ್ವಾನ್ಸೀಯಲ್ಲಿ ಲೆಸ್ ಹಾರ್ವೆ ಎಂಬ ಗಿಟಾರ್ ವಾದಕರು ಅರ್ತ್ ಸರಿಯಿಲ್ಲದ ಮೈಕನ್ನು ಮುಟ್ಟಿ ವೇದಿಕೆಯಲ್ಲೇ ಪ್ರಾಣ ಬಿಟ್ಟರು. ಗುಡುಗು ಶುರುವಾದರೆ ಹಾಡು ಅರ್ಧದಲ್ಲಿದ್ದರೂ ಪ್ಲಗ್ ಕಿತ್ತಿಡಿ, ಭಜನೆ ಬಾಸ್ ಇಲ್ಲದೆಯೂ ಮುಂದುವರಿಯುತ್ತದೆ.

ಕೇಬಲ್ ನಿಮ್ಮದೇ ಇರಲಿ, ಆರು ಮೀಟರಿಗಿಂತ ಉದ್ದದ್ದು ಬೇಡ. ಬ್ಯಾಟರಿಯಿಲ್ಲದ ವಾದ್ಯಕ್ಕೆ ಉದ್ದ ಕೇಬಲ್ ಹಾಕಿದರೆ ಸ್ವರದ ಅಂಚು ಮೊಂಡಾಗುತ್ತದೆ. ಡಿ.ಐ. ಬಾಕ್ಸ್ ನಾನು ತರುತ್ತೇನೆ.